ನೀರುಗಂಟಿ ಗೋಣೆಪ್ಪನ ಇಂಟರ್ನೆಟ್ ಪಾಳಿ

ನಮ್ಮ ಮಡ್ಡಿಗಟ್ಟೆಯಲ್ಲಿ ಗುರುವಾರ ಕೆಳಗಿನ ಓಣಿಗೆ ಇಂಟರ್ನೆಟ್ ಬರುತ್ತದೆ. ಇದನ್ನು ಕೇಳಿ ನಗುವವರು ಮೊದಲು ತಮ್ಮ ಮನೆಯ ನಲ್ಲಿಗೆ ಯಾವ ಯಾವ ದಿನ ನೀರು ಬರುತ್ತದೆಂದು ನೋಡಿಕೊಂಡು ಬಂದು ಆಮೇಲೆ ನಗಲಿ. ನಾನು ಪ್ರಸನ್ನಕುಮಾರ್, ಇಲ್ಲಿನ ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕ. ಪಂಚಾಯ್ತಿ ಕಚೇರಿಯ ಪಕ್ಕದ ಕೋಣೆಯಲ್ಲಿ ಕೂರುವವನಾದ್ದರಿಂದ ನಡೆದದ್ದನ್ನೆಲ್ಲ ಕಣ್ಣಾರೆ ಕಂಡಿದ್ದೇನೆ. ಪಾಳಿಯ ಬೋರ್ಡನ್ನು ಬರೆದುಕೊಟ್ಟವನೂ ನಾನೇ ಆಗಿರುವುದರಿಂದ ಪೂರ್ತಿ ನಿರಪರಾಧಿ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ.

ಮಡ್ಡಿಗಟ್ಟೆ ಇರುವುದು ಜಗಳೂರು ತಾಲ್ಲೂಕಿನಲ್ಲಿ, ಬಿಳಿಚೋಡಿನಿಂದ ಒಳಕ್ಕೆ. ಇಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಮೇಲೆ ಮಾತ್ರ, ಅದೂ ಮಾತಾಡುವುದಕ್ಕೆ ಸಾಕಾಗುವಷ್ಟು. ಟ್ಯಾಂಕಿನ ಏಣಿಗೆ ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡಿರುವವನು ನೀರುಗಂಟಿ ಗೋಣೆಪ್ಪ. ಊರಿನ ನಾಲ್ಕು ಓಣಿಗಳಿಗೆ ಪಾಳಿಯ ಪ್ರಕಾರ ನೀರು ಬಿಡುವುದು ಅವನ ಕೆಲಸ. ಭುಜದ ಮೇಲೆ ವಾಲು ತಿರುಗಿಸುವ ಉದ್ದನೆಯ ಕಬ್ಬಿಣದ ಸಲಾಕೆ, ಕೈಯಲ್ಲಿ ಗಡಿಯಾರ, ಮುಖದಲ್ಲಿ ನ್ಯಾಯಾಧೀಶರ ಗಾಂಭೀರ್ಯ. ಹತ್ತೊಂಬತ್ತು ವರ್ಷಗಳಲ್ಲಿ ಅವನು ಒಂದು ಸಲವೂ ಪಾಳಿ ತಪ್ಪಿಸಿಲ್ಲ, ಒಂದು ಸಲವೂ ನಕ್ಕಿಲ್ಲ.

ಹತ್ತೊಂಬತ್ತು ವರ್ಷವಾದರೂ ಅವನ ಕೆಲಸ ಖಾಯಂ ಆಗಿರಲಿಲ್ಲ. ಪ್ರತಿ ಮಾರ್ಚ್ ಮೂವತ್ತೊಂದಕ್ಕೆ ಅವನನ್ನು ತೆಗೆದುಹಾಕಿದ ಪತ್ರ ಬರುತ್ತಿತ್ತು, ಏಪ್ರಿಲ್ ಎರಡಕ್ಕೆ ಸೇರಿಸಿಕೊಂಡ ಪತ್ರ ಬರುತ್ತಿತ್ತು. ನಡುವಿನ ಒಂದು ದಿನ ಅವನು ಯಾರೂ ಅಲ್ಲ. ಆ ದಿನವೂ ನೀರು ಬಿಡುತ್ತಿದ್ದ, ಆದರೆ ಕಾಲಿಗೆ ಚಪ್ಪಲಿ ಹಾಕುತ್ತಿರಲಿಲ್ಲ. ಯಾಕೆಂದು ಒಮ್ಮೆ ಕೇಳಿದ್ದಕ್ಕೆ, ಚಪ್ಪಲಿ ಪಂಚಾಯ್ತಿಯವರು ಕೊಡಿಸಿದ್ದು ಎಂದ. ಸಾಯುವುದರೊಳಗೆ ಒಂದು ಏಪ್ರಿಲ್ ಒಂದರಂದು ಚಪ್ಪಲಿ ಹಾಕಿಕೊಂಡು ಓಡಾಡಬೇಕು ಎನ್ನುವುದು ಅವನ ಜೀವನದ ಏಕೈಕ ಆಸೆ. ಅವನ ಹೆಂಡತಿ ಅನ್ನಪೂರ್ಣಮ್ಮ ಆ ಆಸೆಯ ಮೇಲೆ ಏಳು ಸೋಮವಾರ ಉಪವಾಸ ಮಾಡಿ ತೂಕ ಇಳಿಸಿಕೊಂಡಿದ್ದರು.

ಹೀಗಿರುವಾಗ ಹಳ್ಳಿ ಹಳ್ಳಿಗೂ ಅಗ್ಗದ ಇಂಟರ್ನೆಟ್ ಕೊಡುವ ಯೋಜನೆ ಬಂತು. ಚನ್ನಗಿರಿ ಕಡೆಯ ಸತೀಶ್ ಕುಮಾರ್ ಎಂಬ ಹುಡುಗ ಬೈಕಿನಲ್ಲಿ ಬಂದು ಪಂಚಾಯ್ತಿ ಕಚೇರಿಯ ಬೀರುವಿನೊಳಗೆ ಒಂದು ಡಬ್ಬಿ ಕೂರಿಸಿದ. ಅದರಿಂದ ನಾಲ್ಕು ಓಣಿಯ ವೈಫೈ ಕಂಬಗಳಿಗೆ ನಾಲ್ಕು ವೈರು ಎಳೆದ, ಐದನೆಯದನ್ನು ಕಚೇರಿಗೂ ನನ್ನ ಗ್ರಂಥಾಲಯಕ್ಕೂ ಕೊಟ್ಟ. ಹೊರಡುವಾಗ, ಕಚೇರಿಯ ಕೀಲಿ ಸದಾ ಯಾರ ಹತ್ತಿರ ಇರುತ್ತದೆಂದು ವಿಚಾರಿಸಿದ. ಎಲ್ಲರೂ ಗೋಣೆಪ್ಪನನ್ನು ತೋರಿಸಿದರು. ನಿಂತುಹೋದರೆ ಒಂದು ಸಲ ವೈರು ಕಿತ್ತು ಮತ್ತೆ ಸಿಕ್ಕಿಸಿ ಎಂದು ಹೇಳಿ ಹುಡುಗ ಬೈಕು ಹತ್ತಿದ. ಮಡ್ಡಿಗಟ್ಟೆಯಲ್ಲಿ ಇಂಟರ್ನೆಟ್ ಬಗ್ಗೆ ನಡೆದ ತರಬೇತಿ ಇಷ್ಟೇ.

ಅವತ್ತು ಸಂಜೆ ಊರಿಗೆ ಊರೇ ಒಟ್ಟಿಗೆ ಫೋನು ತೆರೆಯಿತು. ಅರ್ಧ ಗಂಟೆಯಲ್ಲಿ ಎಲ್ಲರ ಫೋನಿನಲ್ಲೂ ಒಂದು ಚಕ್ರ ತಿರುಗುತ್ತ ನಿಂತಿತು. ಮೇಲಿನ ಓಣಿಯವರು ಗೋಣೆಪ್ಪನ ಮನೆಗೆ ಬಂದು, ಹನಿ ಹನಿ ಬರ್ತಾ ಐತೆ ಎಂದು ದೂರಿದರು. ಗೋಣೆಪ್ಪ ಊಟ ಬಿಟ್ಟು ಎದ್ದು ಬಂದು ಬೀರು ತೆರೆದ. ಡಬ್ಬಿಗೆ ಕಿವಿ ಕೊಟ್ಟು ಕೇಳಿದ, ಮೇಲೆ ಕೈಯಿಟ್ಟು ನೋಡಿದ, ಬಿಸಿಯಾಗಿತ್ತು. ಅನುಭವಸ್ಥನಿಗೆ ಹೆಚ್ಚು ಹೇಳಬೇಕೇ? ನಾಲ್ಕೂ ವಾಲು ಒಟ್ಟಿಗೆ ತೆರೆದಿದ್ದಾರೆ, ಎತ್ತರದ ಓಣಿಗೆ ಪ್ರೆಶರ್ ಸಾಲುತ್ತಿಲ್ಲ. ಅವನು ಉಳಿದ ವೈರುಗಳನ್ನೆಲ್ಲ ಕಿತ್ತು ಮೇಲಿನ ಓಣಿಯದೊಂದನ್ನೇ ಉಳಿಸಿದ. ಮೇಲಿನ ಓಣಿಯಲ್ಲಿ ಇಂಟರ್ನೆಟ್ ಭೋರ್ಗರೆಯಿತು.

ಮರುದಿನ ಬೆಳಿಗ್ಗೆ ಅವನು ನನ್ನ ಹತ್ತಿರ ಬಂದು, ಮೇಷ್ಟ್ರೆ, ನಿಮ್ಮ ಅಕ್ಷರ ಚೆನ್ನಾಗೈತೆ, ಒಂದು ಬೋರ್ಡು ಬರ್ಕೊಡ್ರಿ ಅಂದ. ನಾನು ಮೇಷ್ಟ್ರಲ್ಲ, ಆದರೂ ಕರೆದರೆ ಕರಗುತ್ತೇನೆ. ಸೋಮವಾರ ಮೇಲಿನ ಓಣಿ, ಮಂಗಳವಾರ ಗುಡಿ ಓಣಿ, ಬುಧವಾರ ಕಚೇರಿ ಮತ್ತು ಗ್ರಂಥಾಲಯ, ಗುರುವಾರ ಕೆಳಗಿನ ಓಣಿ, ಶುಕ್ರವಾರ ಮತ್ತು ಶನಿವಾರ ಅಂಗಡಿಗಳಿರುವ ಬಸ್‌ಸ್ಟ್ಯಾಂಡ್ ಓಣಿ. ಭಾನುವಾರದ ಎದುರು ಏನು ಬರೆಯಲಿ ಎಂದೆ. ಭಾನುವಾರ ಬಂದ್, ಡಬ್ಬಿ ತುಂಬಬೇಕಲ್ಲ ಎಂದ. ಓದಿದವನಾದ ನಾನು ಆಗಲೇ ತಡೆಯಬಹುದಿತ್ತು. ಆದರೆ ಅಕ್ಷರ ಅಷ್ಟು ದುಂಡಗೆ ಬರುತ್ತಿದ್ದಾಗ ಮಧ್ಯೆ ನಿಲ್ಲಿಸಲು ಮನಸ್ಸಾಗಲಿಲ್ಲ.

ಪಿಡಿಒ ರೂಪಶ್ರೀ ಮೇಡಂ ಅವರಿಗೆ ಮೂರು ಪಂಚಾಯ್ತಿಗಳ ಜವಾಬ್ದಾರಿ, ನಮ್ಮಲ್ಲಿಗೆ ಬರುವುದು ಬುಧವಾರ ಮಾತ್ರ. ಬುಧವಾರ ಕಚೇರಿಯ ಪಾಳಿ. ಆದ್ದರಿಂದ ಅವರು ಬಂದಾಗಲೆಲ್ಲ ಇಂಟರ್ನೆಟ್ ಅದ್ಭುತವಾಗಿತ್ತು. ಮಡ್ಡಿಗಟ್ಟೆಯಷ್ಟು ಒಳ್ಳೆಯ ಇಂಟರ್ನೆಟ್ ತಾಲ್ಲೂಕಿನಲ್ಲೇ ಇಲ್ಲವೆಂದು ಮೇಲಕ್ಕೆ ವರದಿ ಬರೆದರು.

ಪಾಳಿಗೆ ಊರು ಎಷ್ಟು ಬೇಗ ಒಗ್ಗಿಕೊಂಡಿತೆಂದರೆ, ಪಾಳಿಯ ದಿನ ಬೆಳಗಾಗುವ ಮೊದಲೇ ಎದ್ದು ಜನ ಇಂಟರ್ನೆಟ್ ತುಂಬಿಸಿಕೊಳ್ಳಲು ಶುರು ಮಾಡಿದರು. ಧಾರಾವಾಹಿ, ಭಜನೆ, ಅಡಿಕೆ ರೇಟು, ಹೋಳಿಗೆ ಮಾಡುವ ವಿಧಾನ, ಸಿಕ್ಕಿದ್ದೆಲ್ಲ ಫೋನಿಗೆ. ಫೋನು ತುಂಬಿದ ಮೇಲೆ ಹಳೇ ಫೋನು, ಅದೂ ತುಂಬಿದರೆ ಪಕ್ಕದ ಮನೆಯವರ ಫೋನು. ಹೊನ್ನಾಳಿಯ ನೆಂಟರು ಬರುವ ಮುಂಚೆ ನಿಮ್ಮ ಪಾಳಿ ಯಾವತ್ತು ಎಂದು ಕೇಳಿಕೊಂಡೇ ಬಸ್ ಹತ್ತುತ್ತಿದ್ದರು. ನ್ಯಾಮತಿಯಿಂದ ಹೆಣ್ಣು ಕೊಡಲು ಬಂದವರೊಬ್ಬರು ಹುಡುಗನ ಹೊಲ, ಮನೆ ನೋಡಿ ಒಪ್ಪಿ, ವಾರಕ್ಕೆ ಒಂದೇ ಪಾಳಿಯೆಂದು ತಿಳಿದು ಬಸ್‌ಸ್ಟ್ಯಾಂಡ್ ಓಣಿಯ ಬೇರೆ ಹುಡುಗನಿಗೆ ಮಾತು ಕೊಟ್ಟು ಹೋದರು. ಹುಡುಗನ ತಂದೆ ಇವತ್ತಿಗೂ ನನ್ನ ಬೋರ್ಡಿನ ಕಡೆ ನೋಡುವುದಿಲ್ಲ.

ಪಾಳಿ ಇದ್ದಲ್ಲಿ ಜಗಳ ಇದ್ದೇ ಇರುತ್ತದೆ. ಪಂಚಾಯ್ತಿ ಅಧ್ಯಕ್ಷ ಮರುಳಸಿದ್ದಪ್ಪನವರು ಮೇಲಿನ ಓಣಿಯವರು. ಅವರು ದಾವಣಗೆರೆಯಿಂದ ನಾಲ್ಕು ಕೊಂಬಿನ ಒಂದು ಪೆಟ್ಟಿಗೆ ತಂದು ಮಹಡಿಯಲ್ಲಿಟ್ಟು ಪಕ್ಕದ ಗುಡಿ ಓಣಿಯ ಪಾಳಿಯನ್ನೂ ಎಳೆದುಕೊಳ್ಳುತ್ತಿದ್ದರು. ಅಧ್ಯಕ್ಷರು ಮೋಟರ್ ಹಾಕಿದ್ದಾರೆಂದು ಗುಡಿ ಓಣಿಯವರು ಕೂಗಾಡಿದರು. ಗೋಣೆಪ್ಪ ಸಲಾಕೆ ಹಿಡಿದು ಅಧ್ಯಕ್ಷರ ಮಹಡಿ ಹತ್ತಿ, ಪೆಟ್ಟಿಗೆ ಜಪ್ತಿ ಮಾಡಿ, ಈ ಹಿಂದೆ ಜಪ್ತಿ ಮಾಡಿದ್ದ ಹನ್ನೊಂದು ನೀರಿನ ಮೋಟರ್‌ಗಳ ಪಕ್ಕದಲ್ಲಿಟ್ಟ. ಎಷ್ಟು ಎಚ್‌ಪಿ ಎಂದು ಬರೆಯಲು ಜಾಗ ಹುಡುಕಿ, ಸಿಗದೆ, ಅಂದಾಜಿನ ಮೇಲೆ ಅರ್ಧ ಎಂದು ಚೀಟಿ ಅಂಟಿಸಿದ.

ಇನ್ನು ಕೆಳಗಿನ ಓಣಿಯ ದುರುಗಮ್ಮಜ್ಜಿ. ಎಪ್ಪತ್ತು ದಾಟಿದ ಈ ಅಜ್ಜಿಗೂ ಗೋಣೆಪ್ಪನಿಗೂ ಹತ್ತೊಂಬತ್ತು ವರ್ಷದ ವೈರ. ತಮ್ಮ ಓಣಿಯ ವಾಲನ್ನು ಅವನು ಯಾವಾಗಲೂ ಐದು ನಿಮಿಷ ಮೊದಲೇ ಮುಚ್ಚುತ್ತಾನೆ ಎಂಬುದು ಅವರ ಆರೋಪ. ಗಡಿಯಾರ ತೋರಿಸಿದರೆ ಗಡಿಯಾರವೂ ನಿನ್ನದೇ ಅಲ್ಲವೇ ಎನ್ನುತ್ತಿದ್ದರು. ಇಂಟರ್ನೆಟ್ ಬಂದ ಮೇಲೆ ಅದರಲ್ಲೂ ಐದು ನಿಮಿಷ ಹೋಗುತ್ತಿದೆಯೆಂದು ಕಟ್ಟೆಯ ಮೇಲೆ ಕೂತು ಹೋಗಿಬರುವವರಿಗೆಲ್ಲ ಲೆಕ್ಕ ಒಪ್ಪಿಸುತ್ತಿದ್ದರು. ಧಾರಾವಾಹಿಯಲ್ಲಿ ಸೊಸೆ ಪತ್ರ ಒಡೆದು ಓದುವ ಹೊತ್ತಿಗೆ ಸರಿಯಾಗಿ ನಿಂತುಹೋಗಿತ್ತಂತೆ. ಪತ್ರದಲ್ಲಿ ಏನಿತ್ತೆಂದು ಗೊತ್ತಾಗಲು ಒಂದು ವಾರ ಕಾಯಬೇಕಾಯಿತು, ಆ ವಾರವಿಡೀ ಅವರು ಗೋಣೆಪ್ಪನ ವಂಶವನ್ನು ನೆನೆದರು.

ರೂಪಶ್ರೀ ಮೇಡಂ ಬರೆದ ವರದಿಯ ಫಲವಾಗಿ ಜಿಲ್ಲೆಯ ದೊಡ್ಡ ಸಾಹೇಬರು ನಮ್ಮೂರಿಗೆ ಬರುವುದೆಂದು ಗೊತ್ತಾಯಿತು. ಮಡ್ಡಿಗಟ್ಟೆಯ ಕಚೇರಿಯಲ್ಲೇ ಕೂತು, ಅಲ್ಲಿಂದಲೇ ಎಲ್ಲ ಜಿಲ್ಲೆಗಳ ಅಧಿಕಾರಿಗಳೊಂದಿಗೆ ವಿಡಿಯೋದಲ್ಲಿ ಮಾತಾಡಿ ಮಾದರಿ ಗ್ರಾಮವನ್ನು ತೋರಿಸುವುದು ಕಾರ್ಯಕ್ರಮ. ಮೇಡಂ ಗೋಣೆಪ್ಪನನ್ನು ಪಕ್ಕಕ್ಕೆ ಕರೆದು, ಅವನನ್ನು ಖಾಯಂ ಮಾಡುವ ಫೈಲು ಸಾಹೇಬರ ಬ್ಯಾಗಿನಲ್ಲೇ ಇದೆಯೆಂದೂ, ಸಂತೋಷವಾದರೆ ಇಲ್ಲೇ ಸಹಿ ಹಾಕುತ್ತಾರೆಂದೂ ಹೇಳಿದರು. ಗೋಣೆಪ್ಪ ಅವತ್ತೇ ಹೋಗಿ ಚಪ್ಪಲಿಗೆ ಹೊಲಿಗೆ ಹಾಕಿಸಿಕೊಂಡು ಬಂದ.

ಸಾಹೇಬರು ಬರಬೇಕಾಗಿದ್ದದ್ದು ಬುಧವಾರ. ಬಂದದ್ದು ಗುರುವಾರ.

ಹನ್ನೊಂದರ ವಿಡಿಯೋ ಸಭೆಗೆ ಹತ್ತು ನಿಮಿಷವಿದ್ದಾಗ ಸಾಹೇಬರು ಕಚೇರಿಯಲ್ಲಿ ಹಾರ ಹಾಕಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತರು. ಚಕ್ರ ತಿರುಗಿತು. ಇನ್ನೊಂದು ಸಲ ಒತ್ತಿದರು, ಇನ್ನೊಂದು ಸಲ ತಿರುಗಿತು. ಡಬ್ಬಿ ನೋಡಬೇಕಾಗಿದ್ದ ಸತೀಶ್ ಕುಮಾರನ ಬೈಕು ಸೊಕ್ಕೆಯ ಹತ್ತಿರ ಪಂಕ್ಚರ್ ಆಗಿ ಅವನಿನ್ನೂ ಬಂದಿರಲಿಲ್ಲ. ಆಗ ಗೋಣೆಪ್ಪ ಮುಂದೆ ಬಂದು ಕೈಮುಗಿದ.

"ಸಾಹೇಬ್ರೆ, ಇವತ್ತು ಕಚೇರಿ ಪಾಳಿ ಅಲ್ರಿ. ಇವತ್ತು ಕೆಳಗಿನ ಓಣಿದು. ನೀವು ನಿನ್ನೆ ಬಂದಿದ್ರೆ ಧಾರಾಳ ಬಿಡ್ತಿದ್ದೆ."

ಸಾಹೇಬರಿಗೆ ಅರ್ಥವಾಗಲಿಲ್ಲ. ಮೇಡಂಗೆ ಅರ್ಥವಾಯಿತು. ಇಷ್ಟು ದಿನದ ತಮ್ಮ ವರದಿಗಳೆಲ್ಲ ಬುಧವಾರದ ವರದಿಗಳೆಂದು ಅವರಿಗೆ ಗೊತ್ತಾದದ್ದು ಆಗಲೇ. ಮರುಳಸಿದ್ದಪ್ಪನವರಿಗೆ ಹಳೇ ಪೆಟ್ಟಿಗೆಯ ಸಿಟ್ಟಿತ್ತು, ಬೀರುವಿನ ಬೀಗ ಒಡೆಯಿರಿ ಎಂದರು. ಗೋಣೆಪ್ಪ ಸಲಾಕೆ ಹಿಡಿದು ಬೀರುವಿಗೆ ಬೆನ್ನು ಕೊಟ್ಟು ನಿಂತ. ಮೇಡಂ ಅವನ ಕಿವಿಯ ಹತ್ತಿರ ಹೋಗಿ, ನಿನ್ನ ಫೈಲು, ನಿನ್ನ ಫೈಲು ಎಂದು ಎರಡು ಸಲ ಹೇಳಿದರು. ಫೈಲಿನ ಹಸಿರು ದಾರ ಸಾಹೇಬರ ಬ್ಯಾಗಿನಿಂದ ಹೊರಗೆ ಇಣುಕುತ್ತಿತ್ತು, ಅವನು ಅದನ್ನೇ ನೋಡುತ್ತಿದ್ದ.

"ನನ್ನ ಮಗಳ ಮದ್ವೆ ದಿನಾನೂ ಪಾಳಿ ತಪ್ಸಿ ನಮ್ಮ ಓಣಿಗೆ ನೀರು ಬಿಟ್ಟಿಲ್ರಿ. ಟ್ಯಾಂಕರ್ ತರಿಸಿ ಅಡಿಗೆ ಮಾಡ್ಸಿದೆ. ಅವತ್ತು ಬಿಡದೋನು ಇವತ್ತು ಹೆಂಗೆ ಬಿಡಾಕೆ ಆಗ್ತೈತೆ? ಬೇಕಾದ್ರೆ ಕೆಳಗಿನ ಓಣಿಗೆ ಬರ್ರಿ, ಅಲ್ಲಿ ಎಷ್ಟು ಬೇಕೋ ಅಷ್ಟು ತಗಳ್ರಿ."

ಸಾಹೇಬರು ಸಲಾಕೆಯನ್ನು ನೋಡಿದರು, ಗಡಿಯಾರವನ್ನು ನೋಡಿದರು. ಇನ್ನು ನಾಲ್ಕು ನಿಮಿಷವಿತ್ತು. ಲ್ಯಾಪ್‌ಟಾಪಿದ್ದ ಬ್ಯಾಗನ್ನು ಕಂಕುಳಲ್ಲಿ ಇಟ್ಟುಕೊಂಡು ಹಾರದ ಸಮೇತ ಓಡಿದರು, ಅವರ ಹಿಂದೆ ಮೇಡಂ, ಮೇಡಂ ಹಿಂದೆ ಅಧ್ಯಕ್ಷರು, ಅವರ ಹಿಂದೆ ಕುರ್ಚಿ ಹೊತ್ತುಕೊಂಡು ನಾನು, ನನ್ನ ಹಿಂದೆ ಸಲಾಕೆ ಹೊತ್ತುಕೊಂಡು ಗೋಣೆಪ್ಪ.

ಕೆಳಗಿನ ಓಣಿಯ ಕಂಬ ಇರುವುದು ದುರುಗಮ್ಮಜ್ಜಿಯ ಮನೆಯೆದುರು. ಅಜ್ಜಿ ಕಟ್ಟೆಯ ಮೇಲೆ ಧಾರಾವಾಹಿ ತುಂಬಿಸುತ್ತ ಕೂತಿದ್ದರು. ಇದು ನಮ್ಮ ಪಾಳಿ, ಪರ ಓಣಿಯವರು ಬಂದು ತುಂಬಿಸಿಕೊಳ್ಳಾಕೆ ನಾನು ಬಿಡಲ್ಲ ಅಂದರು. ಜಿಲ್ಲೆಗೇ ದೊಡ್ಡವರು ಎಂದು ಮೇಡಂ ತಿಳಿಸಿದ ಮೇಲೆ, ಹಂಗಾದ್ರೆ ಒಂದು ಕೊಡ ತಗಂಡು ಹೋಗ್ಲಿ ಎಂದು ಜರುಗಿ ಜಾಗ ಕೊಟ್ಟರು. ಕುರ್ಚಿ ಕಟ್ಟೆಯ ಮೇಲೆ ನಿಲ್ಲಲಿಲ್ಲ. ಸಾಹೇಬರು ಒರಳುಕಲ್ಲಿನ ಮೇಲೆ ಕೂತರು. ಅವರ ಎಡಕ್ಕೆ ಅಜ್ಜಿಯ ಮೇಕೆ, ಬಲಕ್ಕೆ ಅಜ್ಜಿ.

ಸರಿಯಾಗಿ ಹನ್ನೊಂದಕ್ಕೆ ಪರದೆ ಬೆಳಗಿತು. ಒಂದು ತಡೆಯಿಲ್ಲ, ಒಂದು ಗೊರಗೊರ ಇಲ್ಲ. ರೈತ ಮಹಿಳೆಯ ಜಗುಲಿಯ ಮೇಲೆ ಕೂತು ಮಾತಾಡುತ್ತಿರುವ ಅಧಿಕಾರಿಯನ್ನು ಕಂಡು ಬೇರೆ ಜಿಲ್ಲೆಗಳವರು ಬೆರಗಾದರು. ಎಲ್ಲರಿಗೂ ಮೇಲಿನವರೊಬ್ಬರು ಇದಲ್ಲವೇ ಜನರ ಹತ್ತಿರದ ಆಡಳಿತ ಎಂದು ಹೊಗಳಿದರು. ಸಾಹೇಬರ ಮುಖ ಅರಳಿತು. ಇದು ತಮ್ಮದೇ ಯೋಚನೆ ಎಂದು ಅವರು ಹೇಳುವುದನ್ನು ನಾನು ಕಿವಿಯಾರೆ ಕೇಳಿದೆ.

ಅಷ್ಟರಲ್ಲಿ ಸತೀಶ್ ಕುಮಾರ್ ಕಚೇರಿಗೆ ಬಂದ. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸ್ಕ್ರೂ ಡ್ರೈವರಿನಿಂದ ಬೀರುವಿನ ಹಿಂದಿನ ತಗಡು ಬಿಚ್ಚಿ ನೋಡಿದರೆ ಐದರಲ್ಲಿ ನಾಲ್ಕು ವೈರು ಜೋತಾಡುತ್ತಿವೆ. ನಾಲ್ಕನ್ನೂ ಸಿಕ್ಕಿಸಿದ.

ಊರಿನಲ್ಲಿ ಇದ್ದಕ್ಕಿದ್ದಂತೆ ಮುನ್ನೂರು ಫೋನುಗಳು ಟಿಂಗ್ ಎಂದವು. ಪಾಳಿಯಲ್ಲದ ದಿನ ನಲ್ಲಿಯಲ್ಲಿ ನೀರು ಬಂದರೆ ಮಡ್ಡಿಗಟ್ಟೆಯವರು ಯಾಕೆ ಬಂತೆಂದು ಕೇಳುವುದಿಲ್ಲ, ಕೊಡ ಇಡುತ್ತಾರೆ. ಮೇಲಿನ ಓಣಿ ತುಂಬಿಸಿಕೊಂಡಿತು, ಗುಡಿ ಓಣಿ ತುಂಬಿಸಿಕೊಂಡಿತು, ಬಸ್‌ಸ್ಟ್ಯಾಂಡಿನ ಅಂಗಡಿಯವರು ವ್ಯಾಪಾರ ನಿಲ್ಲಿಸಿ ತುಂಬಿಸಿಕೊಂಡರು. ಮರುಳಸಿದ್ದಪ್ಪನವರ ಕೈ ಕೂಡ ತಾನಾಗಿ ಜೇಬಿಗೆ ಹೋಯಿತು.

ಎರಡೇ ನಿಮಿಷ. ಸಾಹೇಬರು ನಿಂತುಹೋದರು. ಅಂದರೆ ಇಲ್ಲಿ ಮಾತಾಡುತ್ತಲೇ ಇದ್ದರು, ಪರದೆಯಲ್ಲಿ ನಿಂತುಹೋದರು. ಬಾಯಿ ತೆರೆದಿದೆ, ಒಂದು ಕಣ್ಣು ಮುಚ್ಚಿದೆ, ಕೊರಳ ಹಾರದ ಚೆಂಡುಹೂವಿಗೆ ಮೇಕೆ ಬಾಯಿ ಹಾಕಿದೆ. ಆ ಚಿತ್ರವನ್ನು ಎಲ್ಲ ಜಿಲ್ಲೆಗಳೂ ಆರು ನಿಮಿಷ ನೋಡಿದವು.

ಗೋಣೆಪ್ಪನಿಗೆ ಯಾರೂ ಹೇಳಬೇಕಾಗಲಿಲ್ಲ. ಯಾರೋ ಎಲ್ಲಾ ವಾಲು ತೆಗ್ದಾರೆ ಎಂದವನೇ ಚಪ್ಪಲಿ ಬಿಟ್ಟು ಓಡಿದ. ನಾಲ್ಕು ವೈರು ಕಿತ್ತ. ಕೆಳಗಿನ ಓಣಿಯಲ್ಲಿ ಸಾಹೇಬರಿಗೆ ಜೀವ ಬಂತು.

ಸಭೆ ಮುಗಿದ ಮೇಲೆ ಸತೀಶ್ ಕುಮಾರ್ ಕಟ್ಟೆಗೆ ಬಂದು, ಎಲ್ಲ ವೈರೂ ಒಟ್ಟಿಗೇ ಇರಬೇಕು, ಪಾಳಿಯೇ ಬೇಕಾಗಿಲ್ಲ, ಸ್ವಲ್ಪ ದೊಡ್ಡ ಪ್ಲಾನ್ ಹಾಕಿಸಿದರೆ ಸಾಕು ಎಂದು ತಿಳಿಸಿ ಹೇಳಿದ. ಜನ ಅವನ ಮುಖ ನೋಡಿದರು. ಎತ್ತರದ ಓಣಿಗೂ ತಗ್ಗಿನ ಓಣಿಗೂ ಒಟ್ಟಿಗೆ ಬರುತ್ತದೆಂದು ಹೇಳುವ ಹುಡುಗನಿಗೆ ಲೋಕಜ್ಞಾನ ಕಡಿಮೆ ಎಂದು ತೀರ್ಮಾನವಾಯಿತು. ಈಗ ತಾನೇ ಒಟ್ಟಿಗೆ ಬಿಟ್ಟು ಸಾಹೇಬರ ಗತಿ ಏನು ಮಾಡಿದೆ ಎಂದು ದುರುಗಮ್ಮಜ್ಜಿ ಕೇಳಿದರು. ಸಾಹೇಬರು ಹಾರದ ದಾರ ಮಾತ್ರ ಉಳಿದ ಕೊರಳನ್ನು ಒರೆಸಿಕೊಳ್ಳುತ್ತ, ನೀನು ಸುಮ್ಮನಿರಪ್ಪ ಎಂದು ಹುಡುಗನಿಗೆ ಹೇಳಿ, ಫೈಲು ತೆಗೆದು, ಒರಳುಕಲ್ಲಿನ ಮೇಲಿಟ್ಟು ಸಹಿ ಹಾಕಿದರು. ಗೋಣೆಪ್ಪ ಬರಿಗಾಲಲ್ಲಿ ನಿಂತು ನೋಡುತ್ತಿದ್ದ. ಅನ್ನಪೂರ್ಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆದೇಶ ಮುಂದಿನ ಬುಧವಾರವಲ್ಲ, ಅದರ ಮುಂದಿನ ಬುಧವಾರ ಬಂತು. ಮಾರನೇ ದಿನವೇ ಏಪ್ರಿಲ್ ಒಂದನೇ ತಾರೀಖು. ಅವನು ನನ್ನ ಕೈಯಲ್ಲಿ ಓದಿಸಿದ. ಶ್ರೀ ಗೋಣೆಪ್ಪ ಇವರನ್ನು ಖಾಯಂಗೊಳಿಸಿದೆ. ಸದರಿಯವರು ಒಂದನೇ ತಾರೀಖು ಬೆಳಿಗ್ಗೆ ಒಂಬತ್ತರೊಳಗೆ ಪಂಚಾಯ್ತಿ ಕಚೇರಿಯ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಮೂಲಕ ಮುಖ ತೋರಿಸಿ ಹಾಜರಿ ಹಾಕತಕ್ಕದ್ದು. ತಪ್ಪಿದಲ್ಲಿ ಕೆಲಸಕ್ಕೆ ಸೇರಿಲ್ಲವೆಂದು ಭಾವಿಸಿ ಆದೇಶ ರದ್ದು.

ಒಂದನೇ ತಾರೀಖು ಗುರುವಾರ ಬಿದ್ದಿತ್ತು. ಗೋಣೆಪ್ಪ ಇನ್ನೊಂದು ಸಲ ಓದಿ ಎಂದ. ಇನ್ನೊಂದು ಸಲ ಓದಿದರೂ ಗುರುವಾರವೇ.

ಗುರುವಾರ ಬೆಳಿಗ್ಗೆ ಎಂಟೂವರೆಗೆ ಅರ್ಧ ಊರು ಕಚೇರಿಯಲ್ಲಿತ್ತು. ಅನ್ನಪೂರ್ಣಮ್ಮ ಬೈದರು, ಅತ್ತರು, ಮತ್ತೆ ಬೈದರು. ಜಪ್ತಿಯ ಸಿಟ್ಟನ್ನೂ ಮರೆತು ಅಧ್ಯಕ್ಷರು, ಅಧ್ಯಕ್ಷನಾಗಿ ಹೇಳ್ತಾ ಇದೀನಿ, ಸಿಕ್ಕಿಸು ಅಂದರು. ಸಪ್ಪೆಮೋರೆ ಹಾಕಿಕೊಂಡು ಕೂತಿದ್ದ ಗೋಣೆಪ್ಪ, ಸಾಹೇಬರಿಗೇ ಇಲ್ಲ ಅಂದ ಮೇಲೆ ನನಗೆ ಹೆಂಗೆ ಎನ್ನುವುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಎಂಟು ಐವತ್ತಾಯಿತು. ಆಗ ದುರುಗಮ್ಮಜ್ಜಿ ಕೋಲೂರಿಕೊಂಡು ಒಳಗೆ ಬಂದರು.

"ಪಾಳಿ ಯಾರದಪ್ಪ? ನಿನ್ನದಾ, ನಮ್ಮ ಓಣಿದಾ? ನೀನು ತಪ್ಸಬಾರದು, ಸರಿ. ನಾವು ಕೊಟ್ರೆ ಬ್ಯಾಡ ಅನ್ನಾಕೆ ನೀನ್ಯಾರು? ಹತ್ತೊಂಬತ್ತು ವರ್ಷದಿಂದ ನಮ್ಮ ಓಣಿ ಐದು ನಿಮಿಷ ತಿಂದೀಯ ಅಂತ ಬೈತಾ ಬಂದೀನಿ. ಇವತ್ತು ನಾನೇ ಕೊಡ್ತೀನಿ, ತಗ."

ಗೋಣೆಪ್ಪ ಬಹಳ ಹೊತ್ತು ಯೋಚಿಸಿದ. ಕಾನೂನಿನಲ್ಲಿ ತೊಡಕು ಕಾಣಲಿಲ್ಲ. ಎಂಟು ಐವತ್ತೈದಕ್ಕೆ ಕೆಳಗಿನ ಓಣಿಯ ವೈರು ಕಿತ್ತು ಕಚೇರಿಯದನ್ನು ಸಿಕ್ಕಿಸಿ, ಗಡಿಯಾರವನ್ನು ಅಜ್ಜಿಯ ಕೈಗೇ ಕೊಟ್ಟು ಕಂಪ್ಯೂಟರಿನ ಮುಂದೆ ನಿಂತ.

ಕಂಪ್ಯೂಟರು ಅವನ ಮುಖ ಹುಡುಕಲು ಎರಡು ನಿಮಿಷ ತೆಗೆದುಕೊಂಡಿತು. ಆಮೇಲೆ ಕಣ್ಣು ಮಿಟುಕಿಸಿ ಎಂದಿತು, ಮಿಟುಕಿಸಿದ. ಆಮೇಲೆ ನಗಿ ಎಂದಿತು. ಗೋಣೆಪ್ಪ ಅನ್ನಪೂರ್ಣಮ್ಮನ ಕಡೆ ನೋಡಿದ, ನನ್ನ ಕಡೆ ನೋಡಿದ. ಊರೆಲ್ಲ ಅವನಿಗೆ ಹಲ್ಲು ಬಿಟ್ಟು ತೋರಿಸಿಕೊಟ್ಟಿತು. ಕೊನೆಗೆ ಅಜ್ಜಿ ತಮ್ಮ ಬೊಚ್ಚುಬಾಯಿ ಅಗಲಿಸಿ ತೋರಿಸಿದಾಗ ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಗೋಣೆಪ್ಪ ನಕ್ಕ. ಪರದೆಯ ಮೇಲೆ ಚಕ್ರ ಬಂತು, ತಿರುಗಿತು, ತಿರುಗುತ್ತಲೇ ಇತ್ತು.

ಗೋಣೆಪ್ಪ ಬಗ್ಗಿ ಅಜ್ಜಿಯ ಕೈಯಲ್ಲಿದ್ದ ಗಡಿಯಾರ ನೋಡಿದ. ಇನ್ನೊಂದು ಅರ್ಧ ನಿಮಿಷ ಇರಲಿ ಬಿಡೋ, ನಮ್ಮದೇ ಪಾಳಿ ಎಂದರು ಅಜ್ಜಿ.

"ಐದು ನಿಮಿಷ ಆತು ಅಜ್ಜಿ," ಎಂದು ಅವನು ವೈರು ಕಿತ್ತ.

ಗೋಣೆಪ್ಪ ಕೆಳಗಿನ ಓಣಿಯ ವೈರನ್ನು ಸಿಕ್ಕಿಸಿ, ಬೀರುವಿಗೆ ಬೀಗ ಹಾಕಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ನೀರು ಬಿಡಲು ಹೊರಟ. ಹಾಜರಿಯ ಪಟ್ಟಿ ತೆರೆಯುವುದು ಕಚೇರಿಯ ಕಂಪ್ಯೂಟರಿನಲ್ಲಿ ಮಾತ್ರ. ಅದು ಬಿತ್ತೋ ಇಲ್ಲವೋ ಎಂದು ಗೊತ್ತಾಗಬೇಕಾದರೆ ಬುಧವಾರದವರೆಗೆ ಕಾಯಬೇಕು.